ಅತ್ತೆಯ ಫೋನಿಗೆ ಮೊದಲು ಲ್ಯಾಪ್‌ಟಾಪ್ ಮಾತಾಡಬೇಕಿತ್ತು

ನಮ್ಮ ಮನೆಯ ಲ್ಯಾಪ್‌ಟಾಪ್ ಮಾತು ನಿಲ್ಲಿಸಿದ್ದು ಒಂದು ಗುರುವಾರದ ಸಂಜೆ, ಅದೂ ಅತ್ತೆಯ ಫೋನು ಬಂದ ಹೊತ್ತಿಗೇ.

ಲ್ಯಾಪ್‌ಟಾಪ್ ಮಾತಾಡುವುದೆಂದರೆ ಏನೆಂದು ಮೊದಲು ಹೇಳಬೇಕು. ನನ್ನ ಗಂಡನಿಗೆ ಗಂಟಲಿನ ಕ್ಯಾನ್ಸರ್ ಆಗಿ, ಮಂಗಳೂರಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಜೀವ ಉಳಿಯಿತು, ಸ್ವರ ಹೋಯಿತು. ಕುತ್ತಿಗೆಯ ಕೆಳಭಾಗದಲ್ಲಿ ಮಾಡಿಟ್ಟ ಒಂದು ರಂಧ್ರದಿಂದ ಅವರು ಉಸಿರಾಡುತ್ತಾರೆ. ಅದರ ಮೇಲೆ ಸದಾ ಒಂದು ತೆಳು ಬಟ್ಟೆ. ಕಾಯಿಲೆಗೆ ಮೊದಲು ಅವರು ಬಂಟ್ವಾಳ ತಾಲೂಕಿನ ಬಿ.ಸಿ.ರೋಡಿನಲ್ಲಿ ದಸ್ತಾವೇಜು ಬರಹಗಾರರಾಗಿದ್ದರು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಎಂದು ದಿನವಿಡೀ ಕನ್ನಡದಲ್ಲಿ ಟೈಪ್ ಮಾಡಿದ ಕೈ ಅದು. ಎದುರು ಕುಳಿತವರು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಇವರ ವಾಕ್ಯ ಮುಗಿದಿರುತ್ತಿತ್ತು. ಸ್ವರ ಹೋದ ಮೇಲೆ ಆ ಕೈಯೇ ಕೆಲಸಕ್ಕೆ ಬಂತು. ಕಚೇರಿಯಿಂದ ಮನೆಗೆ ತಂದ ಹಳೆಯ ಲ್ಯಾಪ್‌ಟಾಪಿನಲ್ಲಿ, ಬರೆದದ್ದನ್ನು ಗಟ್ಟಿಯಾಗಿ ಓದುವ ಒಂದು ವೆಬ್‌ಸೈಟ್ ತೆರೆದಿಟ್ಟುಕೊಂಡು ಅವರು ಟೈಪ್ ಮಾಡುತ್ತಿದ್ದರು, ಅದು ಹೇಳುತ್ತಿತ್ತು. ನಮ್ಮ ಮನೆಮಾತು ತುಳು. ಅವರು ತುಳುವನ್ನು ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿದರೆ ಯಂತ್ರ ಅದನ್ನು ಕನ್ನಡವೆಂದೇ ತಿಳಿದು ಓದುತ್ತಿತ್ತು. ಘಟ್ಟದ ಮೇಲಿನಿಂದ ಹೊಸತಾಗಿ ವರ್ಗವಾಗಿ ಬಂದ ಅಧಿಕಾರಿ ತುಳು ಕಲಿಯಲು ಹೊರಟಂತೆ ಕೇಳುತ್ತಿತ್ತು. ಆದರೂ ಅರ್ಥವಾಗುತ್ತಿತ್ತು, ಅದು ಮುಖ್ಯ.

ನನಗೆ ಅದರ ಅಗತ್ಯ ಇರಲಿಲ್ಲ. ಇವರ ತುಟಿ, ಕಣ್ಣು, ಕೈಸನ್ನೆ ನೋಡಿದರೆ ನನಗೆ ಸಾಕು. ಆದರೆ ಬೆಳ್ತಂಗಡಿಯಲ್ಲಿ ಮೈದುನನ ಸಂಸಾರದ ಜೊತೆ ಇರುವ ಅತ್ತೆಗೆ ಎರಡೂ ಕಣ್ಣು ಕಾಣುವುದಿಲ್ಲ. ಕಣ್ಣಿನ ಒತ್ತಡ ಹೆಚ್ಚಾಗಿ ದೃಷ್ಟಿ ಹೋದದ್ದು, ಇನ್ನು ಬರುವಂಥದ್ದಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಬರೆದು ತೋರಿಸಿದರೆ ಅವರಿಗೆ ಕಾಣದು, ಬಾಯಿಬಿಟ್ಟು ಹೇಳಲು ಇವರಿಗೆ ಸ್ವರ ಇಲ್ಲ. ಆಪರೇಷನ್ ಆದ ಹೊಸತರಲ್ಲಿ ಒಮ್ಮೆ ನಾವು ಬೆಳ್ತಂಗಡಿಗೆ ಹೋಗಿದ್ದೆವು. ಇವರು ತಾಯಿಯ ಕೈ ಹಿಡಿದು ಪಕ್ಕದಲ್ಲಿ ಕುಳಿತರು. ಅತ್ತೆ ಗಳಿಗೆಗೊಮ್ಮೆ "ಉಲ್ಲನಾ ಮಗಾ?" ಎಂದು ಕೇಳುತ್ತಿದ್ದರು, ಇದ್ದೀಯಾ ಮಗಾ ಎಂದು. ಇವರು ಕೈ ಒತ್ತುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ "ಉಲ್ಲನಾ?" ಕೊನೆಗೆ ಅತ್ತೆ ಅಳಲು ತೊಡಗಿದರು, ಇವರು ಎದ್ದು ಅಂಗಳಕ್ಕೆ ಹೋದರು. ಇನ್ನೊಮ್ಮೆ ಅಮ್ಮನ ಎದುರು ಹೀಗೆ ಮೂಕನಾಗಿ ಕೂರಲಾರೆ ಎಂದು ಬಸ್ಸಿನಲ್ಲಿ ನನ್ನ ಅಂಗೈಯ ಮೇಲೆ ಬೆರಳಲ್ಲಿ ಬರೆದು ಹೇಳಿದರು.

ಲ್ಯಾಪ್‌ಟಾಪ್ ಮಾತಾಡಲು ಶುರು ಮಾಡಿದ ಮೇಲೆ ಎಲ್ಲ ಸುಧಾರಿಸಿತು. ಪ್ರತಿ ಸಂಜೆ ದೇವರ ದೀಪ ಹಚ್ಚಿದ ಮೇಲೆ ಅತ್ತೆಯ ಫೋನು. ನಾನು ಮೊಬೈಲನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟು ಸ್ಪೀಕರ್ ಹಾಕುತ್ತಿದ್ದೆ. ಮೊಬೈಲಿನಲ್ಲೇ ಟೈಪ್ ಮಾಡಿ ಓದಿಸಬಹುದಲ್ಲ ಎಂದು ಹಲವರು ಕೇಳಿದ್ದುಂಟು. ಪ್ರಯತ್ನಿಸಿದ್ದೆವು. ಇವರ ದಪ್ಪ ಬೆರಳಿಗೆ ಆ ಸಣ್ಣ ಅಕ್ಷರಗಳು ಸಿಗುತ್ತಿರಲಿಲ್ಲ. ಒಂದು ವಾಕ್ಯ ಮೂಡುವಷ್ಟರಲ್ಲಿ ಅತ್ತೆ "ಹಲೋ, ಹಲೋ" ಎಂದು ಕೂಗಿ, ಲೈನು ಹೋಯಿತೆಂದು ಫೋನು ಇಟ್ಟುಬಿಡುತ್ತಿದ್ದರು.

ಆ ಗುರುವಾರ ವೆಬ್‌ಸೈಟ್ ತೆರೆಯಲಿಲ್ಲ. ನಿಮ್ಮ ಬ್ರೌಸರ್ ತೀರಾ ಹಳೆಯದು, ಹೊಸತು ಹಾಕಿ ಎಂದು ಬಂತು. ಹೊಸತು ಹಾಕಲು ಹೋದರೆ, ನಿಮ್ಮ ಆಪರೇಟಿಂಗ್ ಸಿಸ್ಟಮ್ ಹಳೆಯದು ಎಂದು ಬಂತು. ಇವರು ಮೂರು ಬಾರಿ ಬಂದ್ ಮಾಡಿ ಶುರು ಮಾಡಿದರು. ಅಷ್ಟರಲ್ಲಿ ಫೋನು. ನಾನು ಎತ್ತಿ, ಅವರು ಸ್ನಾನಕ್ಕೆ ಹೋಗಿದ್ದಾರೆ ಎಂದೆ.

"ಈ ಹೊತ್ತಿಗೆ ಸ್ನಾನವಾ?" ಎಂದರು ಅತ್ತೆ.

ಬೇರೆ ದಿನವಾಗಿದ್ದರೆ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಆದರೆ ಬರುವ ಸೋಮವಾರ ಅತ್ತೆಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಎಂದು ಮಂಗಳೂರಿನಲ್ಲಿ ದಿನ ಗೊತ್ತಾಗಿತ್ತು. ಅವರಿಗೆ ಭಯ. ಆಪರೇಷನ್ ಎಂಬ ಶಬ್ದಕ್ಕೆ ಅವರ ಮನಸ್ಸಿನಲ್ಲಿದ್ದ ಅರ್ಥ ಒಂದೇ: ಮಗ ಒಳಗೆ ಹೋಗುವಾಗ ಮಾತಾಡುತ್ತಿದ್ದ, ಹೊರಗೆ ಬರುವಾಗ ಮಾತಾಡಲಿಲ್ಲ. "ದೊಡ್ಡ ಮಗ ಹೋಗು ಅಂತ ಹೇಳದೆ ನಾನು ಕಾರು ಹತ್ತುವುದಿಲ್ಲ" ಎಂದು ಮೈದುನನಿಗೆ ಖಡಾಖಂಡಿತ ಹೇಳಿದ್ದರು.

ಶುಕ್ರವಾರ ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಮೂಡುಬಿದಿರೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಲ್ಯಾಪ್‌ಟಾಪನ್ನು ತೋರಿಸಿದೆ. ಅಂಗಡಿಯವರು ಅದನ್ನು ತಿರುಗಿಸಿ ಅಡಿಭಾಗದ ಚೀಟಿ ಓದಿ ನಕ್ಕರು.

"ಇದರ ಆಯುಷ್ಯ ಮುಗಿದಿದೆ ಟೀಚರ್. ಹೊಸದು ತೆಗೊಳ್ಳಿ. ಈಗ ಸ್ಟಾಕ್ ಇಲ್ಲ, ಹೇಳಿದ್ರೆ ಬುಧವಾರಕ್ಕೆ ತರಿಸಿ ಕೊಡ್ತೇನೆ."

ಬುಧವಾರ ನನಗೆ ಪ್ರಯೋಜನವಿರಲಿಲ್ಲ.

ನಾನು ಪುತ್ತಿಗೆ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಅಲ್ಲಿ ಕಂಪ್ಯೂಟರ್ ಕಲಿಸುವ ಟೀಚರ್ ನನಗಿಂತ ಹತ್ತು ವರ್ಷ ಚಿಕ್ಕವರು, ತೋಡಾರಿನವರು. ಅವರ ಗಂಡ ದುಬೈಯಲ್ಲಿ ಯಾವುದೋ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾರೆ. ಸ್ಟಾಫ್ ರೂಮಿನಲ್ಲಿ ನನ್ನ ಮುಖ ನೋಡಿಯೇ ಏನಾಯಿತೆಂದು ಕೇಳಿದರು. ಎಲ್ಲ ಹೇಳಿದೆ.

"ಅದನ್ನು ಬಿಸಾಡುವುದು ಬೇಡ ಟೀಚರ್," ಎಂದರು. "ವಿಂಡೋಸಿನ ಬದಲಿಗೆ ಹಗುರದ್ದೊಂದು ಲಿನಕ್ಸ್ ಹಾಕುವ. ಹಳೇ ಮೆಷಿನಿಗೆಂದೇ ಮಾಡಿದ್ದು ಉಂಟು. ಬ್ರೌಸರೂ ಹೊಸತು ಬರ್ತದೆ, ನೆಟ್ ಇಲ್ಲದೆ ಕನ್ನಡ ಓದುವ ಸಣ್ಣ ಪ್ರೋಗ್ರಾಮೂ ಸಿಗ್ತದೆ."

"ನಿಮಗೆ ಹಾಕ್ಲಿಕ್ಕೆ ಬರ್ತದಾ?"

"ಶಾಲೆಯ ಎರಡು ಹಳೇ ಕಂಪ್ಯೂಟರಿಗೆ ಹಾಕಿದ್ದೇನೆ."

"ಎರಡೂ ಸರಿಯಾಯ್ತಾ?"

ಅವರು ಮೇಜಿನ ಪುಸ್ತಕಗಳನ್ನು ಜೋಡಿಸುತ್ತ, "ಒಂದು ಸರಿಯಾಯ್ತು," ಎಂದರು.

ಆ ಮಾತು ಸಂಜೆಯವರೆಗೂ ನನ್ನ ತಲೆಯೊಳಗೆ ಸುತ್ತುತ್ತಿತ್ತು. ಟೀಚರ ಹತ್ತಿರ ಇದ್ದ ಲ್ಯಾಪ್‌ಟಾಪ್ ಶಾಲೆಯದ್ದು, ಪ್ರಶ್ನೆಪತ್ರಿಕೆಗಳಿರುವಂಥದ್ದು. ಅದನ್ನು ನಮ್ಮ ಮನೆಯಲ್ಲಿ ಬಿಟ್ಟುಹೋಗುವ ಹಾಗಿರಲಿಲ್ಲ. ಇರುವುದು ನಮ್ಮದೊಂದೇ. ಅದರಲ್ಲಿರುವುದನ್ನೆಲ್ಲ ಅಳಿಸಿ ಹೊಸತು ಹಾಕಬೇಕು. ನಡುವೆ ಏನಾದರೂ ಕೆಟ್ಟರೆ ಈಗ ಇರುವಷ್ಟೂ ಇರುವುದಿಲ್ಲ. ರಾತ್ರಿ ಊಟದ ಮೇಜಿನಲ್ಲಿ ಇವರಿಗೆ ವಿಷಯ ಹೇಳಿದೆ. ಇವರು ಅನ್ನ ಕಲಸುವುದನ್ನು ನಿಲ್ಲಿಸಿ ಯೋಚಿಸಿದರು. ಮತ್ತೆ ಎಡಗೈಯನ್ನು ಗಾಳಿಯಲ್ಲಿ ಒಮ್ಮೆ ಬೀಸಿದರು. ಹಾಕಿಯೇಬಿಡುವ ಎಂದು ಅದರ ಅರ್ಥ.

ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ಟೀಚರ್ ನನ್ನ ಜೊತೆಗೇ ಮನೆಗೆ ಬಂದರು, ಚೀಲದಲ್ಲಿ ಶಾಲೆಯ ಲ್ಯಾಪ್‌ಟಾಪ್, ಕೈಯಲ್ಲಿ ಪೆನ್‌ಡ್ರೈವ್. ಮೊದಲು ಇವರ ಹಳೆಯ ಕಡತಗಳನ್ನೆಲ್ಲ ಇನ್ನೊಂದು ಪೆನ್‌ಡ್ರೈವಿಗೆ ಹಾಕಿಕೊಂಡರು. ಆಮೇಲೆ ನಮ್ಮ ಲ್ಯಾಪ್‌ಟಾಪ್ ಬಂದ್ ಮಾಡಿ, ಪೆನ್‌ಡ್ರೈವ್ ಸಿಕ್ಕಿಸಿ, ಆನ್ ಮಾಡಿದೊಡನೆ ಮೇಲಿನ ಸಾಲಿನ ಒಂದು ಕೀಲಿಯನ್ನು ಪಟಪಟ ಒತ್ತಿದರು. ಏನೂ ಆಗಲಿಲ್ಲ, ಹಳೆಯದೇ ತೆರೆದುಕೊಂಡಿತು. ಬೇರೆ ಕೀಲಿ ಒತ್ತಿದರು. ಈ ಸಲ ನೀಲಿ ಪರದೆಯೊಂದು ಬಂತು. ಅದರಲ್ಲಿ ಪೆನ್‌ಡ್ರೈವಿನ ಹೆಸರನ್ನು ಮೊದಲ ಸ್ಥಾನಕ್ಕೆ ಏರಿಸಿ ಮತ್ತೆ ಶುರು ಮಾಡಿದರೆ, ಕಪ್ಪು ಪರದೆಯ ಮೇಲೆ ಒಂದೇ ಸಾಲು ಇಂಗ್ಲಿಷ್. ಶುರು ಮಾಡಬಹುದಾದ್ದು ಏನೂ ಸಿಗುತ್ತಿಲ್ಲ ಎಂದು.

ನಾನು ಪರದೆಯ ಹತ್ತಿರಕ್ಕೆ ಬಾಗಿದೆ. "ಹಾಳಾಯ್ತಾ?"

"ಇಲ್ಲ ಟೀಚರ್, ಇನ್ನೂ ಏನೂ ಮಾಡ್ಲಿಲ್ಲ ನಾವು," ಎಂದರು ಅವರು. ಆದರೆ ತಮ್ಮ ಶಾಲಿನ ತುದಿಯಲ್ಲಿ ಹಣೆ ಒರೆಸಿಕೊಂಡದ್ದನ್ನು ನಾನು ನೋಡಿದೆ.

ತಪ್ಪು ಪೆನ್‌ಡ್ರೈವಿನಲ್ಲಿತ್ತು. ಅದನ್ನು ಈಗಿನ ಕಾಲದ ಕಂಪ್ಯೂಟರಿಗೆ ಹೊಂದುವಂತೆ ತಯಾರಿಸಿದ್ದರು. ನಮ್ಮದು ಹಳೆಯ ಪದ್ಧತಿಯದ್ದು, ಅದಕ್ಕೆ ಆ ವಿಧಾನ ತಿಳಿಯುತ್ತಿರಲಿಲ್ಲ. ಶಾಲೆಯ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವನ್ನು ಹಳೆಯ ಕ್ರಮಕ್ಕೆ ಹೊಂದುವಂತೆ ಇನ್ನೊಮ್ಮೆ ಬರೆಸಿದರು. ಅದು ಮುಗಿಯುವವರೆಗೆ ನಾವು ಮೂವರೂ ಚಾ ಮುಂದಿಟ್ಟುಕೊಂಡು ಕುಡಿಯದೆ ಕುಳಿತೆವು. ಈ ಸಲ ಕೆಲಸ ಮಾಡಿತು. ಬಣ್ಣದ ಪರದೆ ಬಂತು, ಬಾಣದ ಗುರುತು ಕೈಗೆ ತಕ್ಕಂತೆ ಓಡಿತು. ಇದು ಪೆನ್‌ಡ್ರೈವಿನಿಂದಲೇ ಓಡುತ್ತಿರುವುದು, ಇನ್ನು ಇದನ್ನು ಒಳಗೆ ಸ್ಥಾಪಿಸಬೇಕು ಎಂದರು ಟೀಚರ್. ಎಲ್ಲವನ್ನೂ ಅಳಿಸಿ ಹಾಕಲೇ ಎಂದು ಅದು ಕೇಳಿತು. ಟೀಚರ್ ಇವರ ಮುಖ ನೋಡಿದರು. ಇವರು ತಾವೇ ಮುಂದೆ ಬಾಗಿ ಎಂಟರ್ ಒತ್ತಿದರು.

ಆಗ ನನಗೆ ಹೊಸ ಭಯ ಹುಟ್ಟಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ, ಕರೆಂಟಿನ ಬಲದಲ್ಲೇ ಅದು ಓಡುವುದು. ಶನಿವಾರ ಲೈನಿನ ಕೆಲಸವೆಂದು ಕರೆಂಟು ತೆಗೆಯುವುದು ನಮ್ಮಲ್ಲಿ ಹೊಸತಲ್ಲ. ನಡುಮನೆಯ ಇನ್ವರ್ಟರಿನ ಪ್ಲಗ್ಗಿನಿಂದ ಉದ್ದದ ವಯರು ಎಳೆದು ತಂದು ಕೊಟ್ಟೆ. ಪರದೆಯ ಮೇಲಿನ ನೀಲಿ ಪಟ್ಟಿ ಇರುವೆಯಂತೆ ಹರಿಯುತ್ತಿತ್ತು. ಒಂದು ಕಡೆ ಅದು ನಿಂತೇಹೋಯಿತು. ಒಳಗಿನ ಫ್ಯಾನು ಮಾತ್ರ ಜೋರಾಗಿ ತಿರುಗುತ್ತಿತ್ತು. ಅಷ್ಟರಲ್ಲಿ ತಲೆಯ ಮೇಲಿನ ದೀಪ ಒಮ್ಮೆ ಮಿಣುಕಿತು. ನಾನು ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡೆ, ಹಿಡಿದುಕೊಂಡರೆ ಕರೆಂಟು ಹೋಗದೆ ಉಳಿಯುತ್ತದೆ ಎಂಬಂತೆ. ದೀಪ ಆರಲಿಲ್ಲ. ಪಟ್ಟಿ ಮತ್ತೆ ಸರಿಯಿತು. ಮುಗಿಯಿತು, ಪೆನ್‌ಡ್ರೈವ್ ತೆಗೆದು ಮತ್ತೆ ಶುರು ಮಾಡಿ ಎಂದಿತು.

ಮತ್ತೆ ಶುರು ಮಾಡಿದೆವು. ಕಪ್ಪು ಪರದೆ. ಎಡ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಣುಕುತ್ತಿತ್ತು, ಅಷ್ಟೆ. ಕಾದೆವು. ಬಂದ್ ಮಾಡಿ ಆನ್ ಮಾಡಿದೆವು. ಅದೇ ಕಪ್ಪು, ಅದೇ ಗೆರೆ.

"ಶಾಲೆಯ ಎರಡನೆಯದ್ದು ಹೀಗೇ ಆದದ್ದಾ?" ಎಂದು ಕೇಳಿದೆ.

ಟೀಚರ್ ಹೌದೆಂದು ತಲೆಯಾಡಿಸಿದರು. ಅವರ ಕಣ್ಣಲ್ಲಿ ನೀರು ನಿಂತಿತ್ತು. ದುಬೈಗೆ ಫೋನು ಮಾಡಿದರೆ ಗಂಡ ಎತ್ತಲಿಲ್ಲ, ಡ್ಯೂಟಿಯಲ್ಲಿದ್ದರು. ಹೊತ್ತು ಇಳಿಯುತ್ತಿತ್ತು, ತೋಡಾರಿನ ಬಸ್ಸು ಹಿಡಿಯಬೇಕಿತ್ತು. "ನಾಳೆ ಬೆಳಿಗ್ಗೆ ಬರ್ತೇನೆ ಟೀಚರ್. ಅವರ ಹತ್ರ ಕೇಳಿಯೇ ಬರ್ತೇನೆ. ಇನ್ಶಾ ಅಲ್ಲಾ ಸರಿಯಾಗ್ತದೆ," ಎಂದು ಹೊರಟರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೇಟಿನ ತನಕ ಹೋಗಿ ಕಳಿಸಿಕೊಟ್ಟೆ, ಆದರೆ ಅವರು ಸಾರಿ ಹೇಳಿದಾಗ ಪರವಾಗಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ದೀಪ ಹಚ್ಚಿದ ಮೇಲೆ ಫೋನು ಬಂತು. ಇವರು ಕಪ್ಪು ಪರದೆಯ ಎದುರೇ ಕುಳಿತಿದ್ದರು. ನಾನು ಫೋನೆತ್ತಿದೆ.

"ಅವನು ಎಲ್ಲಿ?"

"ಕ್ಷೌರಕ್ಕೆ ಹೋಗಿದ್ದಾರೆ ಅತ್ತೆ. ಶನಿವಾರ ಅಲ್ವಾ, ಜನ ಜಾಸ್ತಿ ಇರಬೇಕು."

"ಮೊನ್ನೆ ಸ್ನಾನ. ನಿನ್ನೆ ಮಲಗಿದ್ದಾನೆ ಅಂದೆ. ಇವತ್ತು ಕ್ಷೌರ." ಅತ್ತೆ ಒಂದೊಂದೇ ಎಣಿಸಿದರು. "ಅವನಿಗೆ ಪುನಃ ಆ ಕಾಯಿಲೆ ಬಂತಾ? ನನ್ನ ಹತ್ರ ಮುಚ್ಚಿಡಬೇಡ ಮಾರಾಯ್ತಿ. ಕಣ್ಣು ಕಾಣದವಳಿಗೆ ಏನು ಬೇಕಾದರೂ ಹೇಳಬಹುದು ಅಂತ ಅಲ್ಲವಾ?"

ಫೋನು ಸ್ಪೀಕರಿನಲ್ಲಿತ್ತು, ಇವರಿಗೆ ಎಲ್ಲ ಕೇಳಿಸಿತು. ಇವರು ಎದ್ದು ಬಂದು ಫೋನಿನ ಹತ್ತಿರ ಬಾಯಿ ತಂದರು. ತುಟಿ ಅಲ್ಲಾಡಿತು. ಕುತ್ತಿಗೆಯ ಬಟ್ಟೆ ಒಮ್ಮೆ ಒಳಗೆ ಎಳೆದುಕೊಂಡು ಹೊರಗೆ ಉಬ್ಬಿತು. ಗಾಳಿಯ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಆಮೇಲೆ ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಕುಟ್ಟಿದರು.

"ಅದೇನು ಸದ್ದು?" ಎಂದರು ಅತ್ತೆ.

ನಾಳೆ ಖಂಡಿತ ಮಾತಾಡುತ್ತಾರೆ ಎಂದು ಹೇಳಿ ಫೋನಿಟ್ಟೆ. ಹೇಳಿದ ಮೇಲೆ ನನ್ನ ಮಾತು ನನಗೇ ಹೆದರಿಕೆ ಹುಟ್ಟಿಸಿತು.

ಭಾನುವಾರ ಟೀಚರ್ ನಾವು ತಿಂಡಿ ತಿನ್ನುವ ಮೊದಲೇ ಬಂದರು, ಫೋನಿನಲ್ಲಿ ಗಂಡನನ್ನು ಹಿಡಿದುಕೊಂಡೇ. ಅವರಿಗೆ ಅಂದು ರಜೆ. ಅವರ ಸ್ವರ ಸಾವಧಾನದ್ದು, ಒಂದೊಂದೇ ಹೆಜ್ಜೆ ಹೇಳುತ್ತಿದ್ದರು.

"ಮೆಷಿನ್ ಸತ್ತಿಲ್ಲ ಮಾರಾಯ್ರೆ, ಗಾಬರಿ ಬೇಡ. ಅದರ ಚಿತ್ರ ತೋರಿಸುವ ಭಾಗ ಹಳೇದು, ಹೊಸ ಸಿಸ್ಟಮ್ ಅದನ್ನು ಬೇರೆ ಥರ ಎಬ್ಬಿಸ್ಲಿಕ್ಕೆ ನೋಡ್ತಾ ಉಂಟು. ಹಾಗೆ ಎಬ್ಬಿಸಬೇಡ ಅಂತ ಒಂದು ಶಬ್ದ ಸೇರಿಸುವ."

ಆನ್ ಮಾಡಿದೊಡನೆ ಬರುವ ಪಟ್ಟಿಯಲ್ಲಿ ನಿಲ್ಲಿಸಿ, ಒಂದು ಉದ್ದ ಸಾಲಿನ ಕೊನೆಗೆ ಅವರು ಹೇಳಿದ ಶಬ್ದವನ್ನು ಟೀಚರ್ ಒಂದೊಂದೇ ಅಕ್ಷರವಾಗಿ ಸೇರಿಸಿದರು. ಪರದೆ ಕಪ್ಪಾಯಿತು. ನಾನು ಬೇರೆ ಕಡೆ ನೋಡಿದೆ. ಇವರು ನನ್ನ ಭುಜ ತಟ್ಟಿದರು. ತಿರುಗಿದರೆ ಬಣ್ಣದ ಪರದೆ. ಆ ಶಬ್ದ ಪ್ರತಿಸಲ ತಾನಾಗಿಯೇ ಸೇರುವಂತೆಯೂ ಮಾಡಿಸಿದರು.

ಅಲ್ಲಿಗೆ ಮುಗಿಯಲಿಲ್ಲ. ವೈಫೈ ಕಾಣಲಿಲ್ಲ. ನನ್ನ ಮೊಬೈಲನ್ನು ಚಾರ್ಜರಿನ ವಯರಿನಲ್ಲಿ ಜೋಡಿಸಿ ಅದರ ನೆಟ್ ಕೊಟ್ಟೆವು. ನೆಟ್ ಬಂದರೂ ಯಾವ ಪುಟವೂ ತೆರೆಯದು, ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಹೀಗೆ ಸುಮಾರು ಹೊತ್ತು ತಿಣುಕಾಡಿದ ಮೇಲೆ ಪರದೆಯ ಮೂಲೆಯ ಗಡಿಯಾರ ಕಣ್ಣಿಗೆ ಬಿತ್ತು. ಅದು ನಮ್ಮ ಮಗಳು ಒಂದನೇ ಕ್ಲಾಸಿನಲ್ಲಿದ್ದ ವರ್ಷವನ್ನು ತೋರಿಸುತ್ತಿತ್ತು. ಅವಳೀಗ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಾಳೆ.

"ತಾರೀಕು ತಪ್ಪಿದ್ರೆ ಯಾವ ಸೈಟೂ ನಂಬುವುದಿಲ್ಲ," ಎಂದಿತು ದುಬೈಯ ಸ್ವರ. "ಒಳಗೆ ಗಡಿಯಾರಕ್ಕೆಂದು ಸಣ್ಣ ಬಿಲ್ಲೆ ಸೆಲ್ ಉಂಟು, ಅದು ಮುಗಿದಿದೆ. ಸದ್ಯ ಕೈಯಲ್ಲೇ ತಾರೀಕು ಹಾಕಿ."

ಹಾಕಿದೆವು, ಪುಟ ತೆರೆಯಿತು. ಓದುವ ಪ್ರೋಗ್ರಾಮನ್ನು ಇಳಿಸಿಕೊಂಡೆವು. ಕಪ್ಪು ಕಿಟಕಿಯೊಂದರಲ್ಲಿ ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ಓದುತ್ತದೆ ಎಂದರು ದುಬೈಯವರು. ಟೀಚರ್ ಒತ್ತಿದರು. ಸದ್ದಿಲ್ಲ. ಇನ್ನೊಮ್ಮೆ ಒತ್ತಿದರು, ಸದ್ದಿಲ್ಲ. ಹೊರಗೆ ಬಿಸಿಲು ನೆತ್ತಿಗೆ ಬಂದಿತ್ತು. ನಾನು ಅಡುಗೆಮನೆಗೆ ಹೋಗಿ, ಕುಕ್ಕರಿಗೆ ಅಕ್ಕಿ ಹಾಕಿ, ನೀರು ಹಾಕದೆ ಒಲೆಯ ಮೇಲಿಟ್ಟೆ. ಸುಟ್ಟ ವಾಸನೆ ಬಂದಾಗಲೇ ಗೊತ್ತಾದದ್ದು. ಅದನ್ನು ತೊಳೆಯುತ್ತಿರುವಾಗ ಒಳಗಿನಿಂದ ಒಬ್ಬ ಅಪರಿಚಿತ ಗಂಡಸಿನ ಸ್ವರ ಕೇಳಿಸಿತು. ಒರಟು, ಮೂಗಿನಿಂದ ಬರುವಂಥ, ತಗಡಿನ ಡಬ್ಬಿಯೊಳಗೆ ಕುಳಿತು ಮಾತಾಡುವಂಥ ಸ್ವರ. ಸದ್ದು ಬೇರೆ ದಾರಿಯಲ್ಲಿ, ಟಿವಿಗೆ ಜೋಡಿಸುವ ತೂತಿನ ಕಡೆಗೆ ಹೋಗುತ್ತಿತ್ತಂತೆ. ಟೀಚರ್ ಅದನ್ನು ಲ್ಯಾಪ್‌ಟಾಪಿನ ಸ್ಪೀಕರಿಗೆ ತಿರುಗಿಸಿದ್ದರು.

ಇವರು ಕುರ್ಚಿ ಎಳೆದು ಕುಳಿತು 'ಅಮ್ಮ' ಎಂದು ಟೈಪ್ ಮಾಡಿದರು. ಪರದೆಯಲ್ಲಿ ಬಂದದ್ದು 'ಸಿಸ'. ಯಂತ್ರ ಹಾಗೆಯೇ ಓದಿತು. ಇವರು ಕೈ ಹಿಂದಕ್ಕೆ ಎಳೆದುಕೊಂಡು ತಮ್ಮ ಬೆರಳುಗಳನ್ನೇ ನೋಡಿದರು. ಅಷ್ಟು ಹೊತ್ತು ಒಂದು ಬಾರಿಯೂ ಧೈರ್ಯ ಬಿಡದಿದ್ದ ಮನುಷ್ಯನ ಮುಖ ಆಗ ಬಿಳಿಚಿತು. ಮಾತು ಹೋದದ್ದು ಸಾಲದೆಂದು ಈಗ ಬೆರಳೂ ಹೋಯಿತೇ ಎಂದು ಅವರಿಗೆ ಅನಿಸಿರಬೇಕು.

"ಬೆರಳು ಸರಿ ಉಂಟು ಸರ್," ಎಂದು ಟೀಚರ್ ಗಡಿಬಿಡಿಯಿಂದ ಹೇಳಿದರು. "ಇದರಲ್ಲಿ ಕೀಲಿಗಳ ಜೋಡಣೆ ಬೇರೆ. ನೀವು ಕಚೇರಿಯಲ್ಲಿ ಕಲಿತ ಜೋಡಣೆ ಇದರಲ್ಲಿಯೂ ಉಂಟು, ಹುಡುಕಬೇಕು ಅಷ್ಟೆ."

ಹುಡುಕಿದರು. ಸಿಕ್ಕಿತು. ಆ ಕಪ್ಪು ಕಿಟಕಿಯಲ್ಲಿ ಒತ್ತಕ್ಷರಗಳು ಒಡೆದು ಅತ್ತಿತ್ತ ಬೀಳುತ್ತಿದ್ದವು. ಜೀವಮಾನವಿಡೀ ತಪ್ಪಿಲ್ಲದ ಪತ್ರ ಮಾಡಿದವರಿಗೆ ಅದನ್ನು ಸಹಿಸಲಾಗಲಿಲ್ಲ, ಮುಖ ಸಿಂಡರಿಸಿದರು. ಆದರೆ ಕಿವಿಗೆ ಸರಿಯಾಗಿಯೇ ಕೇಳುತ್ತಿತ್ತು. ಅವರು ಟಪಟಪನೆ ಏನೋ ಒತ್ತಿ ಎಂಟರ್ ಹೊಡೆದರು.

"ಚಾ ಉಂಡಾ?" ಎಂದು ಕೇಳಿತು ಲ್ಯಾಪ್‌ಟಾಪ್.

ಚಾ ಇದೆಯಾ ಎಂದು. ಟೀಚರ್ ನಕ್ಕುಬಿಟ್ಟರು, ನನಗೆ ಅಳು ಬಂತು. ಫೋನಿನಲ್ಲಿ ದುಬೈಯವರು "ಏನಾಯ್ತು, ಏನಾಯ್ತು?" ಎಂದು ಕೇಳುತ್ತಲೇ ಇದ್ದರು. ಚಾ ಮಾಡಿದೆ. ಟೀಚರ ಕೈ ಹಿಡಿದು, ನಿನ್ನೆ ನಾನು ಮುಖ ಗಂಟಿಕ್ಕಿದ್ದನ್ನು ಮನಸ್ಸಿಗೆ ಹಾಕಿಕೊಳ್ಳಬೇಡಿ ಎಂದೆ. "ನನ್ನ ಮುಖ ಅದಕ್ಕಿಂತ ಕೆಟ್ಟದಾಗಿತ್ತು ಟೀಚರ್," ಎಂದರು ಅವರು.

ಅವರು ಹೋದ ಮೇಲೆ ನನಗೆ ಇನ್ನೊಂದು ಯೋಚನೆ ಹತ್ತಿಕೊಂಡಿತು. ಹಳೆಯ ವೆಬ್‌ಸೈಟಿನ ಸ್ವರ ನಯವಾದದ್ದು. ಅದನ್ನೇ ತೆರೆಯಬಹುದಿತ್ತು, ಹೊಸ ಬ್ರೌಸರಿನಲ್ಲಿ ತೆರೆದೂ ನೋಡಿದೆವು. ಆದರೆ ಮೊಬೈಲಿನ ನೆಟ್ಟಿನಲ್ಲಿ ಅದು ಪ್ರತಿ ವಾಕ್ಯಕ್ಕೂ ತಡೆದು ನಿಲ್ಲುತ್ತಿತ್ತು. ಅಲ್ಲದೆ ಅತ್ತೆಯ ಫೋನು ಬರುವುದೂ ಅದೇ ಮೊಬೈಲಿಗೆ. ನಡುವೆ ನೆಟ್ ಹೋದರೆ? ಹಾಗಾಗಿ ಈ ಒರಟು ಸ್ವರವೇ ಗತಿ. ಅತ್ತೆಗೆ ಇದು ಯಾರೋ ಬೇರೆಯವನೆಂದು ಅನಿಸಿದರೆ? ಮಗನಿಗೆ ಏನೋ ಆಗಿದೆ, ಯಾರನ್ನೋ ಕೂರಿಸಿ ಮಾತಾಡಿಸುತ್ತಿದ್ದಾರೆ ಎಂದುಕೊಂಡರೆ? ಮೊದಲೇ ಹೇಳಿಬಿಡುವ ಎಂದು ನಾನು, ಬೇಡ ಎಂದು ಇವರು. ನಮ್ಮ ಈ ಜಗಳ ಸನ್ನೆಯಲ್ಲೇ ನಡೆಯುತ್ತಿರುವಾಗ ಫೋನು ಬಂತು. ಅತ್ತೆ ಅಂದು ದೀಪಕ್ಕೂ ಕಾಯಲಿಲ್ಲ.

ನಾನು ಸ್ಪೀಕರ್ ಹಾಕಿದೆ. ಇವರು ಟೈಪ್ ಮಾಡಿದರು.

"ಅಮ್ಮಾ," ಎಂದಿತು ಯಂತ್ರ.

ಆಚೆ ಕಡೆಯಿಂದ ಮೈದುನನ ಮನೆಯ ಟಿವಿಯ ಗದ್ದಲ ಮಾತ್ರ ಕೇಳಿಸುತ್ತಿತ್ತು.

"ಏರ್?" ಎಂದರು ಅತ್ತೆ. ಯಾರು?

ಇವರ ಬೆರಳು ಕೀಲಿಗಳ ಮೇಲೆ ನಿಂತುಹೋಯಿತು. ನಾನು ಬಾಯಿ ತೆರೆಯಬೇಕೆನ್ನುವಾಗ ಕೈಯೆತ್ತಿ ತಡೆದರು. ಮತ್ತೆ ಟೈಪ್ ಮಾಡಿದರು. "ಯಾನ್ ಅಮ್ಮಾ." ನಾನು ಅಮ್ಮಾ.

ಅತ್ತೆ, ಪೂರ್ತಿ ಬೇರೆಯೇ ಸ್ವರದಲ್ಲಿ, ಕೇಳಿದರು: "ನಿಕ್ಕ್ ಶೀತ ಆತ್ಂಡಾ ಮಗಾ?"

ನಿನಗೆ ಶೀತ ಆಗಿದೆಯಾ ಎಂದು! ಇವರ ಭುಜ ಕುಲುಕಿತು, ಕುತ್ತಿಗೆಯ ಬಟ್ಟೆ ಪಟಪಟ ಹಾರಿತು. ಇವರು ನಗುವುದು ಹೀಗೆಯೇ. ಹೌದೆಂದು ಟೈಪ್ ಮಾಡಿದರು. ಅಲ್ಲಿಂದ ಅತ್ತೆಗೆ ಮಾತಿನ ಬಾಗಿಲು ತೆರೆಯಿತು. ಅದಕ್ಕೇ ಇಷ್ಟು ದಿನ ಮಾತಾಡಲಿಲ್ಲವಾ, ಹೆಂಡತಿ ಯಾಕೆ ಸುಳ್ಳು ಹೇಳಬೇಕು, ಒಳ್ಳೆಮೆಣಸಿನ ಕಷಾಯ ಮಾಡಿಕೊಟ್ಟಿದ್ದಾಳಾ ಇಲ್ಲವಾ, ಬಿಸಿಲಲ್ಲಿ ಬಂದು ತಣ್ಣೀರು ಕುಡಿಯುವ ಅಭ್ಯಾಸ ನಿನಗೆ ಮೊದಲಿಂದಲೂ ಉಂಟು ಎಂದು ಹೇಳುತ್ತಲೇ ಹೋದರು. ಇವರು ಕೈಕಟ್ಟಿ ಕೇಳುತ್ತ ಕುಳಿತರು. ನಾನೂ ಗೋಡೆಗೊರಗಿ ಉಸಿರು ಬಿಟ್ಟೆ.

"ಹಾಗಾದರೆ ನಾಳೆ ಹೋಗಬೇಕಾ ನಾನು?" ಎಂದು ಅತ್ತೆ ಕೇಳಿದರು. "ನೀನು ಹೇಳು."

ಇವರು ಕೈ ಬಿಡಿಸಿ ಕೀಲಿಯ ಮೇಲೆ ಇಡುವುದಕ್ಕೂ ಪರದೆ ಕಪ್ಪಾಗುವುದಕ್ಕೂ ಸರಿಹೋಯಿತು.

ಇವರು ನನ್ನ ಕಡೆ ನೋಡಿದರು. ನಾನು ಪ್ಲಗ್ಗಿನ ಕಡೆ ನೋಡಿದೆ. ಕರೆಂಟು ಇತ್ತು. "ಹಲೋ," ಎಂದರು ಅತ್ತೆ. "ಹಲೋ? ಉಲ್ಲನಾ?" ನಿನ್ನೆಯಿಂದ ಮಾಡಿದ್ದೆಲ್ಲ ಮುಗಿಯಿತು ಎಂದುಕೊಂಡೆ. ಏನು ಮಾಡಬೇಕೆಂದು ತಿಳಿಯದೆ ಕೀಲಿಗಳ ಮೇಲೆ ಅಂಗೈಯನ್ನೇ ಊರಿದೆ. ಪರದೆ ಬೆಳಗಿತು. ಅದು ಕೆಟ್ಟಿರಲಿಲ್ಲ, ಅತ್ತೆ ಅಷ್ಟು ಹೊತ್ತು ಮಾತಾಡಿದ್ದರಿಂದ, ಯಾರೂ ಮುಟ್ಟುತ್ತಿಲ್ಲವೆಂದು ತಾನಾಗಿ ಕಣ್ಣು ಮುಚ್ಚಿತ್ತು ಅಷ್ಟೆ. ನನ್ನ ಅಂಗೈ ಒತ್ತಿದ ಅಕ್ಷರಗಳೆಲ್ಲ ಒಂದು ಸಾಲಾಗಿ ನಿಂತಿದ್ದವು. ಇವರು ಅವನ್ನು ಅಳಿಸಿ ಟೈಪ್ ಮಾಡಿದರು.

"ಹೋಗು ಅಮ್ಮಾ. ನಾನು ಅಲ್ಲಿಗೆ ಬರುತ್ತೇನೆ. ನೀನು ಒಳಗೆ ಹೋಗುವ ಮೊದಲೂ ಮಾತಾಡುತ್ತೇನೆ, ಹೊರಗೆ ಬಂದ ಮೇಲೂ ಮಾತಾಡುತ್ತೇನೆ."

ತುಳುವಿನಲ್ಲಿ ಆ ತಗಡಿನ ಸ್ವರ ಒಂದೊಂದೇ ಶಬ್ದ ಎತ್ತಿಟ್ಟ ಹಾಗೆ ಅದನ್ನು ಹೇಳಿತು. ಅತ್ತೆ ಕೊನೆಯ ಶಬ್ದದ ತನಕ ಕೇಳಿ, "ಆಯ್ತು," ಎಂದರು.

ಸೋಮವಾರ ಬೆಳಿಗ್ಗೆ ನಾವು ಮಂಗಳೂರಿನ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಲ್ಯಾಪ್‌ಟಾಪ್ ನನ್ನ ಮಡಿಲಲ್ಲೇ ಇತ್ತು. ಬಸ್ಸು ಹೊಂಡಕ್ಕೆ ಇಳಿದಾಗಲೆಲ್ಲ ಒಳಗೆ ಏನು ಸಡಿಲವಾಯಿತೋ ಎಂದು ಜೀವ ಬಾಯಿಗೆ ಬರುತ್ತಿತ್ತು. ವಾರ್ಡಿನಲ್ಲಿ ಅತ್ತೆಯ ಹಾಸಿಗೆಯ ಪಕ್ಕದ ಪ್ಲಗ್ಗಿಗೆ ಕರೆಂಟೇ ಇರಲಿಲ್ಲ. ಮೈದುನ ಓಡಾಡಿ ಮೂರು ಹಾಸಿಗೆಯಾಚೆ ಒಂದು ಪ್ಲಗ್ಗು ಹುಡುಕಿದ. ಅಲ್ಲಿ ಚಾರ್ಜಿಗೆ ಹಾಕಿದ್ದ ಮೊಬೈಲಿನವರನ್ನು ಬೇಡಿಕೊಂಡು, ಮನೆಯಿಂದ ತಂದ ಉದ್ದ ವಯರನ್ನು ಎಳೆದ. ಲ್ಯಾಪ್‌ಟಾಪ್ ಮತ್ತೆ ಹಳೆಯ ವರ್ಷ ತೋರಿಸಿತು. ತೋರಿಸಲಿ ಎಂದು ಬಿಟ್ಟೆವು; ಓದಲು ಅದಕ್ಕೆ ತಾರೀಕು ಬೇಕಿರಲಿಲ್ಲ. ಅತ್ತೆ ಮಗನ ಮುಖ, ಭುಜ, ಕುತ್ತಿಗೆಯ ಬಟ್ಟೆ ಎಲ್ಲ ಮುಟ್ಟಿ ನೋಡಿದರು. ಇವರು ಒಂದೇ ಕೈಯಲ್ಲಿ ಟೈಪ್ ಮಾಡಿದರು, ಇನ್ನೊಂದನ್ನು ಅತ್ತೆ ಬಿಡಲಿಲ್ಲ. ಸ್ಟ್ರೆಚರ್ ಹೊರಡುವಾಗ ಲ್ಯಾಪ್‌ಟಾಪ್ ಏನೋ ಹೇಳಿತು, ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಅತ್ತೆಗೆ ಕೇಳಿಸಿತು, ತಲೆಯಾಡಿಸಿದರು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಮಧ್ಯಾಹ್ನದ ಮೇಲೆ ಅವರನ್ನು ವಾರ್ಡಿಗೆ ತಂದರು. ಮಂಪರು ಇಳಿಯುತ್ತ ಬಂದಂತೆ ಅವರ ಕೈ ಹಾಸಿಗೆಯ ಅಂಚಿನಲ್ಲಿ ತಡಕಾಡಿತು. ಇವರು ಕೂಡಲೇ ಟೈಪ್ ಮಾಡಿದರು, "ಇಲ್ಲೇ ಇದ್ದೇನೆ." ಅತ್ತೆ ಮೊದಲು ತಮ್ಮ ಗಂಟಲನ್ನು ಮುಟ್ಟಿ ನೋಡಿ, ಏನೋ ಹೇಳಲು ಕೆಮ್ಮಿ, "ನನಗೆ ಸ್ವರ ಉಂಟಾ?" ಎಂದು ಕೇಳಿದರು. ಕೇಳಿದ ಮೇಲೆ ಅವರಿಗೇ ಉತ್ತರ ಸಿಕ್ಕಿತು.

ಸಂಜೆಯ ಹೊತ್ತಿಗೆ ಅವರಿಗೆ ಕಾಫಿ ಬೇಕಾಯಿತು.

"ಡಾಕ್ಟರ್ ಹೇಳದೆ ಏನೂ ಕುಡಿಯಬಾರದು," ಎಂದಿತು ಲ್ಯಾಪ್‌ಟಾಪ್.

"ಒಂದು ಗುಟುಕು."

"ಒಂದು ಗುಟುಕೂ ಇಲ್ಲ."

"ನೀನು ಡಾಕ್ಟರಾ?"

"ನಿನ್ನ ಮಗ."

"ಮಗನಾದರೆ ಕಾಫಿ ತರಿಸು."

ಅಕ್ಕಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡುತ್ತಿದ್ದರು. ಇವರ ಬೆರಳುಗಳಿಗೆ ಕಚೇರಿಯ ದಿನಗಳ ವೇಗ ಬಂದಿತ್ತು, ಅತ್ತೆ ಒಂದಂದರೆ ಇವರು ಎರಡು. ಬಾಗಿಲಲ್ಲಿ ಕಾಣಿಸಿಕೊಂಡ ನರ್ಸು ನನ್ನನ್ನು ಕರೆದರು.

"ನಿಮ್ಮ ಯಜಮಾನ್ರಿಗೆ ಸ್ವಲ್ಪ ಸಣ್ಣಕ್ಕೆ ಮಾತಾಡ್ಲಿಕ್ಕೆ ಹೇಳಿ," ಎಂದರು. "ಆಚೆ ಬೆಡ್ಡಿನವರು ಮಲಗಿದ್ದಾರೆ."

ಹೇಳುತ್ತೇನೆ ಎಂದೆ. ಸ್ವರ ಕಡಿಮೆ ಮಾಡುವ ಕೀಲಿ ಆ ಹೊಸ ಸಿಸ್ಟಮ್ಮಿನಲ್ಲಿ ಯಾವುದೆಂದು ನನಗೆ ಗೊತ್ತಿರಲಿಲ್ಲ. ಟೀಚರಿಗೆ ಫೋನು ಮಾಡಿ ಕೇಳಬಹುದಿತ್ತು; ಕೂಡಲೇ ಮಾಡಲಿಲ್ಲ.